ಇಲಿ ಬಿದ್ದ ಮನೆ

ಇಲಿ ಬಿತ್ತು ಎಂದರೆ ಈಗಿನ ಮಕ್ಕಳು ನಗುತ್ತಾರೆ. ಬಿದ್ದರೆ ಬೀಳಲಿ, ಬೆಕ್ಕಿಗೆ ಊಟವಾಯಿತು ಎನ್ನುತ್ತಾರೆ. ನಮ್ಮ ಕಾಲದಲ್ಲಿ ಆ ಮಾತು ಕೇಳಿದವರು ನಗುತ್ತಿರಲಿಲ್ಲ, ಚಾಪೆ ಸುತ್ತುತ್ತಿದ್ದರು. ಮನೆಯೊಳಗೆ ಇಲಿಯೊಂದು ತಾನಾಗಿ ಸತ್ತು ಬಿದ್ದಿದೆ ಎಂದರೆ ಪ್ಲೇಗು ಹೊಸಿಲು ದಾಟಿತು ಎಂದೇ ಅರ್ಥ. ಒಲೆ ಆರಿಸಿ, ದನ ಬಿಚ್ಚಿಕೊಂಡು, ಊರಾಚೆ ಹೊಲದಲ್ಲಿ ಗುಡಿಸಲು ಹಾಕಿಕೊಂಡು, ಜಡ್ಡು ಇಳಿಯುವವರೆಗೆ ಅಲ್ಲೇ ಇರಬೇಕು. ಅದನ್ನು ಜನಕ್ಕೆ ಮೊದಲು ಕಲಿಸಿದ್ದು ಸರ್ಕಾರವೇ. ನಾನು ದೊಡ್ಡವನಾಗುವ ಹೊತ್ತಿಗೆ ಪ್ಲೇಗು ಅಪರೂಪವಾಗಿ ಸರ್ಕಾರ ಅದನ್ನು ಮರೆತಿತ್ತು, ಜನ ಮರೆತಿರಲಿಲ್ಲ.

ಅಂಥ ಕಾಲದಲ್ಲಿ, ಅಂಥವರ ಬೀದಿಯಲ್ಲಿ, ನನ್ನ ಮನೆಯ ಹಿಂದಿನ ಜಗಲಿಯ ಮೇಲೆ ನಾನು ಎರಡು ಸಾಲು ಇಲಿ ಸಾಕಿದೆ. ನನಗೇನೂ ತಲೆ ಕೆಟ್ಟಿರಲಿಲ್ಲ. ನನ್ನ ಹೆಂಡತಿ ಬಸುರಿಯಾಗಿದ್ದಳು, ಅವಳ ಮೈಯಲ್ಲಿ ರಕ್ತ ಇರಲಿಲ್ಲ.

ಊರಿನ ಹೆಸರು ಹೇಳುವುದಿಲ್ಲ. ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ನಡುವೆ ಎಂದರೆ ಸಾಕು. ಆ ಬೀದಿಯವರ ಮೊಮ್ಮಕ್ಕಳು ಇವತ್ತಿಗೂ ಸಂತೆಯಲ್ಲಿ ಸಿಕ್ಕರೆ ನನಗೆ ಕೈ ಮುಗಿಯುತ್ತಾರೆ, ಅವರ ತಾತಂದಿರ ಮಾನ ನಾನೇಕೆ ತೆಗೆಯಲಿ. ಅಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ನಾನು ಡ್ರೆಸ್ಸರ್. ಹುಣ್ಣು ತೊಳೆಯುವುದು, ಪಟ್ಟಿ ಕಟ್ಟುವುದು, ಬಾಯಿ ಮಾಡುವವರನ್ನು ಗದರಿಸಿ ಸಾಲಿನಲ್ಲಿ ಕೂರಿಸುವುದು ನನ್ನ ಕೆಲಸ. ಕೊನೆಯದು ನನಗೆ ಚೆನ್ನಾಗಿ ಒಗ್ಗಿತ್ತು, ಏಕೆಂದರೆ ನನ್ನ ಬಾಯಿ ಎಲ್ಲರ ಬಾಯಿಗಿಂತ ದೊಡ್ಡದು. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಅವ್ವ ಬಂದವರಿಗೆಲ್ಲ ಮೊದಲೇ ಹೇಳಿಡುತ್ತಿದ್ದಳು, ಆಮೇಲೆ ದೂರು ಬರಬಾರದಲ್ಲ ಎಂದು.

ಆ ಆಸ್ಪತ್ರೆಗೆ ಮೈಸೂರಿನಿಂದ ಒಬ್ಬ ಡಾಕ್ಟರಮ್ಮ ವರ್ಗವಾಗಿ ಬಂದರು. ಹೆಗ್ಗಡದೇವನಕೋಟೆಯ ಕಾಡುಜ್ವರದ ಕಡೆಯಿಂದ, ತೌಡು ಹೋಗಿ ಸತ್ವ ಕಳೆದ ಗಿರಣಿ ಅಕ್ಕಿ ಉಣ್ಣುವ ಕೃಷ್ಣರಾಜನಗರದ ಊರುಗಳಿಂದ ಬಸುರಿಯರು ಗಾಡಿಯಲ್ಲಿ ಬರುತ್ತಿದ್ದರು. ಅವರ ತುಟಿಗೂ ಹಲ್ಲಿಗೂ ಬಣ್ಣದಲ್ಲಿ ಹೆಚ್ಚು ವ್ಯತ್ಯಾಸ ಇರುತ್ತಿರಲಿಲ್ಲ. ಹೆರಿಗೆಯಲ್ಲಿ ಬೇರೆ ಹೆಂಗಸರಿಗೆ ಹೋಗುವಷ್ಟೇ ರಕ್ತ ಇವರಿಗೂ ಹೋಗುತ್ತಿತ್ತು, ಬೇರೆಯವರು ಮೂರನೆಯ ದಿನ ಎದ್ದು ಕೂತರೆ ಇವರು ಏಳುತ್ತಲೇ ಇರಲಿಲ್ಲ. ಡಾಕ್ಟರಮ್ಮ ಅದನ್ನು ನೋಡಿ ನೋಡಿ ಊಟ ಬಿಟ್ಟ ದಿನಗಳಿದ್ದವು. ಕಡಲಾಚೆಯ ಸೀಮೆಯಿಂದ ಬರುವ ಒಂದು ಕಪ್ಪು ಲೇಹ್ಯವಿದೆ, ಊಟದ ಜೊತೆ ಅದನ್ನು ಕೊಟ್ಟರೆ ಇಂಥವರ ರಕ್ತ ಮರಳುತ್ತದೆ ಎಂದು ಅವರು ಎಲ್ಲೋ ಓದಿದ್ದರು. ಮೈಸೂರಿನ ದೊಡ್ಡ ಡಾಕ್ಟರನ್ನು ಕೇಳಿದರು. ಅವರು ಒಂದೇ ಒಂದು ಭರಣಿ ಕಳಿಸಿ, ಮೊದಲು ಈ ಹೆಂಗಸರು ಉಣ್ಣುವ ಊಟವನ್ನೇ ಹಾಕಿದ ಇಲಿಗಳ ಮೇಲೆ ತೋರಿಸು, ಗುಣ ಕಂಡರೆ ಹೆಂಗಸರಿಗೆ ಬೇಕಾದಷ್ಟು ತರಿಸಿಕೊಡುತ್ತೇನೆ ಎಂದರು.

ನನ್ನ ಹೆಂಡತಿ ರಾವಂದೂರು ಕಡೆಯವಳು. ತಾಯಿಯಿಲ್ಲದ ಹುಡುಗಿ, ಅಜ್ಜಿ ಸಾಕಿದವಳು ಎಂದಷ್ಟೇ ಹೆಣ್ಣು ನೋಡಲು ಹೋದಾಗ ಹೇಳಿದ್ದರು, ನಾನೂ ಕೆದಕಿ ಕೇಳಿರಲಿಲ್ಲ. ಮೊದಲ ಹೆರಿಗೆಯಲ್ಲಿ ಮಗು ಉಳಿಯಲಿಲ್ಲ, ಅವಳು ಉಳಿದದ್ದೇ ಹೆಚ್ಚು. ಎರಡನೆಯ ಬಸಿರು ನಿಂತ ಮೇಲೆ ದಿನದಿಂದ ದಿನಕ್ಕೆ ಬಿಳಿಚಿಕೊಂಡಳು. ಕೊಡ ಸೊಂಟಕ್ಕೇರಿಸಿದರೆ ಬಾವಿಯಿಂದ ಬಾಗಿಲಿಗೆ ಬರುವುದರೊಳಗೆ ಅಲ್ಲಲ್ಲಿ ಇಳಿಸಿ ಉಸಿರು ತೆಗೆದುಕೊಳ್ಳುತ್ತಿದ್ದಳು. ಕುರಿಯ ಲಿವರು ತಿನ್ನಿಸು, ಸೊಪ್ಪು ತಿನ್ನಿಸು ಎಂದು ಡಾಕ್ಟರಮ್ಮ ಹೇಳಿದರು. ಬಾಡಿನ ವಾಸನೆ ಬಂದರೆ ಸಾಕು, ಹಿಂದಿನ ಹೊತ್ತಿನದೂ ಆಚೆ ಬರುತ್ತಿತ್ತು. ಆಸ್ಪತ್ರೆಯಲ್ಲಿ ಬಿಳಿಚಿಕೊಂಡ ಹೆಂಗಸರನ್ನು ನಾನು ಗಾಡಿಯಿಂದ ಇಳಿಸುತ್ತಿದ್ದವನು, ಕೆಲವರನ್ನು ಗಾಡಿಗೆ ಹತ್ತಿಸಿ ವಾಪಸು ಕಳಿಸಿದವನೂ ನಾನೇ. ನನಗೆ ಭಯವಾಗಿತ್ತು. ಭಯವಾದಾಗಲೆಲ್ಲ ನಾನು ಕೂಗಾಡುತ್ತಿದ್ದೆ, ಹಾಗಾಗಿ ಆ ತಿಂಗಳುಗಳಲ್ಲಿ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ.

ಆಸ್ಪತ್ರೆಯಲ್ಲಿ ಇಲಿ ಇಟ್ಟರೆ ಬರುವ ಹೆಂಗಸರೂ ಬರುವುದನ್ನು ಬಿಡುತ್ತಾರೆ, ಎಲ್ಲಿಡುವುದು ಎಂದು ಡಾಕ್ಟರಮ್ಮ ಚಿಂತೆ ಮಾಡುತ್ತಿದ್ದಾಗ ನಾನು ಬಾಯಿ ಹಾಕಿದೆ. ನನ್ನ ಮನೆಯಲ್ಲಿಡಿ, ಆ ಭರಣಿಯಲ್ಲಿ ನನ್ನ ಹೆಂಡತಿಗೂ ಒಂದು ಪಾಲು ಕೊಡಿ ಎಂದೆ. ಅವರು ಒಪ್ಪಿದರು. ಕೃಷ್ಣರಾಜನಗರದ ರೈಲು ನಿಲ್ದಾಣಕ್ಕೆ ಗಾಡಿ ಕಟ್ಟಿಕೊಂಡು ಹೋಗಿ ನಾನೇ ತಂದೆ. ತಂತಿ ಬಲೆ ಹೊಡೆದ ಮರದ ಗೂಡುಗಳು, ಒಳಗೆ ಹಾಲಿನಷ್ಟು ಬಿಳಿ ಇಲಿಗಳು. ಕಿವಿ, ಬಾಲ, ಮೂಗಿನ ತುದಿ ಮಾತ್ರ ನಸುಗೆಂಪು. ರೈಲಿನ ಕೂಲಿಯವರು ಯಾರೂ ಮುಟ್ಟಲಿಲ್ಲ, ಗಾಡಿಯವನು ದಾರಿಯುದ್ದಕ್ಕೂ ಮಾರಮ್ಮನನ್ನು ನೆನೆದ.

ಬೀದಿಯಲ್ಲಿ ಗಾಡಿ ನಿಲ್ಲುವ ಮೊದಲೇ ಸುದ್ದಿ ಮುಟ್ಟಿತ್ತು. ನಮ್ಮ ಬೀದಿಯ ಯಜಮಾನರು ಪ್ಲೇಗಿನಲ್ಲಿ ಇಬ್ಬರು ತಮ್ಮಂದಿರನ್ನು ಕಳೆದುಕೊಂಡವರು. ಗೂಡುಗಳನ್ನು ದೂರದಿಂದಲೇ ನೋಡಿದರು.

"ಡ್ರೆಸ್ಸರಪ್ಪ, ನೀನು ಓದ್ದೋನು, ನಿಂಗೆ ನಾವು ಬುದ್ಧಿ ಹೇಳಕಾಯ್ತದಾ. ಇಡು. ಆದ್ರೆ ಒಂದು ಇಲಿ ಬಿದ್ರೂವೆ ನಮ್ಗೆ ಹೇಳ್ಬೇಕು. ಹೇಳಿ, ಅವತ್ತೇ ಮನೆ ಖಾಲಿ ಮಾಡ್ಬೇಕು."

"ಇವು ಮೈಸೂರಿನ ಇಲಿ ಕಣ್ರೀ, ಇವಕ್ಕೆ ಜಡ್ಡಿಲ್ಲ," ಎಂದೆ.

"ಇಲಿ ಇಲೀನೆ. ಬಾ, ಕರ್ಪೂರ ಮುಟ್ಟು."

ಮಾರಿಗುಡಿಯ ಮುಂದೆ ಕರ್ಪೂರ ಹಚ್ಚಿಸಿದರು. ಉರಿಯ ಮೇಲೆ ಕೈಯಾಡಿಸಿ ಆಣೆ ಮಾಡಿದೆ. ಪಕ್ಕದಲ್ಲಿ ನಿಂತಿದ್ದ ನನ್ನ ಹೆಂಡತಿ ತಟ್ಟನೆ ಮನೆಗೆ ಹೋದಳು. ಆಯಾಸಕ್ಕೆ ಹೋದಳು ಎಂದುಕೊಂಡೆ.

ಕ್ರಮ ಸುಲಭವಾಗಿತ್ತು. ಎಡಗಡೆ ಸಾಲಿಗೆ ಚೆನ್ನಾಗಿ ತೊಳೆದ ಗಿರಣಿ ಅಕ್ಕಿಯ ಅನ್ನ, ಒಂದಿಷ್ಟು ಎಣ್ಣೆ, ಅಷ್ಟೆ. ಬಲಗಡೆ ಸಾಲಿಗೆ ಅದೇ ಅನ್ನ, ಅದರ ಮೇಲೆ ಕಡ್ಡಿಯ ತುದಿಯಲ್ಲಿ ಕಪ್ಪು ಲೇಹ್ಯ. ಎಡಗಡೆಯವು ಬಿಳಿಚಿ, ಬಲಗಡೆಯವು ಕೆಂಪಾಗಿ ಉಳಿದರೆ ಮದ್ದಿನ ಗುಣ ಸಾಬೀತಾಗುತ್ತದೆ. ಹಗಲು ನಾನು ಆಸ್ಪತ್ರೆಯಲ್ಲಿರುತ್ತಿದ್ದರಿಂದ ಬಡಿಸುವ ಕೆಲಸ ಹೆಂಡತಿಯದಾಯಿತು. ಅವಳ ಪಾಲಿನ ಲೇಹ್ಯ ಬೇರೆ ಬಟ್ಟಲಲ್ಲಿ ಒಲೆಯ ಪಕ್ಕದ ಗೋಡೆಗೂಡಿನಲ್ಲಿತ್ತು, ಅದನ್ನು ಸಾರಿಗೆ ಕದಡಿಕೊಂಡು ಉಣ್ಣಬೇಕು. ತಳ ಹತ್ತಿದ ಬಸ್ಸಾರಿನ ವಾಸನೆ ಅದಕ್ಕೆ. ಅವಳಿಗೆ ಅದೊಂದು ಮಾತ್ರ ವಾಕರಿಕೆ ತರಲಿಲ್ಲ ಎಂದು ನನಗೆ ಎಷ್ಟು ಸಮಾಧಾನವಾಗಿತ್ತೆಂದರೆ, ಅವಳು ಉಣ್ಣುವಾಗ ಎದುರಿಗೆ ಕೂತು ನೋಡಬೇಕು ಎಂದು ಹೊಳೆಯಲೇ ಇಲ್ಲ.

ಡಾಕ್ಟರಮ್ಮನ ಹತ್ತಿರ ಒಂದು ಅಚ್ಚು ಹಾಕಿದ ಕಾಗದವಿತ್ತು. ಅದರ ಮೇಲೆ ದಟ್ಟ ಕೆಂಪಿನಿಂದ ತೆಳು ಗುಲಾಬಿಯವರೆಗೆ ಒಂದರ ಕೆಳಗೊಂದು ಪಟ್ಟಿಗಳು. ಬೆರಳು ಚುಚ್ಚಿ, ರಕ್ತದ ಹನಿಯನ್ನು ಬ್ಲಾಟಿಂಗ್ ಕಾಗದಕ್ಕೆ ಹೀರಿಸಿ, ಆ ಕಲೆ ಯಾವ ಪಟ್ಟಿಗೆ ಹೊಂದುತ್ತದೆ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ವಾರಕ್ಕೊಮ್ಮೆ ಮನೆಗೆ ಬಂದು ಇಲಿಗಳ ಬಾಲದಿಂದಲೂ ನನ್ನ ಹೆಂಡತಿಯ ಬೆರಳಿನಿಂದಲೂ ಹನಿ ತೆಗೆಯುತ್ತಿದ್ದರು. ಅವ್ವ ಗೋಡೆಗೆ ಒರಗಿ ಅಡಿಕೆ ಜಗಿಯುತ್ತಾ, ಮನುಷ್ಯರಿಗೂ ಇಲಿಗೂ ಒಂದೇ ಕಾಗದ, ಇದೂ ಬಂತಲ್ಲ ಕಾಲ ಎನ್ನುತ್ತಿದ್ದಳು.

ಮೊದಮೊದಲು ಎಲ್ಲವೂ ಅಂದುಕೊಂಡ ಹಾಗೆ ನಡೆಯಿತು. ಎಡಗಡೆ ಸಾಲಿನ ಕಿವಿಗಳ ಕೆಂಪು ಇಳಿದು ಮೇಣದ ಬಣ್ಣಕ್ಕೆ ಬಂತು. ಕೊನೆಯ ಗೂಡಿನ ಇಲಿ ಮೂಲೆಯಲ್ಲಿ ಮುದುಡಿಕೊಂಡು ಅನ್ನದ ಹತ್ತಿರ ಬರುವುದನ್ನೂ ಬಿಟ್ಟಿತು. ಅದನ್ನು ನೋಡಿ ನನಗೆ ಹಬ್ಬವಾಗಿತ್ತು. ಇದು ಬಿಳಿಚಿದಷ್ಟೂ ಭರಣಿಗಳು ಬೇಗ ಬರುತ್ತವೆ ಎಂದು ಹೆಂಡತಿಯ ಮುಂದೆಯೇ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು.

"ಇದು ಬಿದ್ದೋಯ್ತದಾ?"

"ಬೀಳ್ಲಿ ಬುಡು, ಇಲಿ ತಾನೆ," ಎಂದೆ.

ಆಮೇಲಿನ ದಿನಗಳಲ್ಲಿ ಎಲ್ಲವೂ ತಿರುವುಮುರುವಾಯಿತು. ಕೊನೆಯ ಗೂಡಿನ ಇಲಿ ಎದ್ದು ಓಡಾಡತೊಡಗಿತು. ಅದರ ಪಕ್ಕದ್ದೂ ಚುರುಕಾಯಿತು. ಮುಂದಿನ ಸಲ ಡಾಕ್ಟರಮ್ಮ ಬಾಲದ ಹನಿ ತೆಗೆದಾಗ ಎಡಗಡೆಯದು ಯಾವುದು, ಬಲಗಡೆಯದು ಯಾವುದು ಎಂದು ಹೇಳಲಾಗದಷ್ಟು ಎರಡೂ ಕಲೆಗಳು ಒಂದೇ ಆಗಿದ್ದವು. ನನ್ನ ಹೆಂಡತಿಯ ಬೆರಳಿನ ಹನಿ ಮಾತ್ರ ಒಂದು ಪಟ್ಟಿ ಇಳಿಯಿತು. ಮುಂದಿನ ವಾರ ಇನ್ನೊಂದು ಪಟ್ಟಿ ಇಳಿಯಿತು. ಪಾದಗಳು ಊದಿಕೊಂಡವು, ರೆಪ್ಪೆಯ ಒಳಗೆ ನೋಡಿದರೆ ಕೆಂಪಿನ ಸುಳಿವಿಲ್ಲ. ಕೂತಲ್ಲಿಂದ ಏಳಲು ಅವಳು ಗೋಡೆ ಹಿಡಿಯುತ್ತಿದ್ದಳು, ಎದ್ದ ಮೇಲೆ ಕಣ್ಣು ಕತ್ತಲೆ ಬರುತ್ತದೆ ಎಂದು ಸ್ವಲ್ಪ ಹೊತ್ತು ಹಾಗೇ ನಿಲ್ಲುತ್ತಿದ್ದಳು.

ಡಾಕ್ಟರಮ್ಮ ಕಾಗದ ಮಡಿಸಿ ಚೀಲದಲ್ಲಿಟ್ಟರು. 

"ನೋಡಪ್ಪ, ಈ ಮದ್ದಿನಲ್ಲಿ ಗುಣವಿಲ್ಲ. ಮದ್ದು ತಿನ್ನದ ಇಲಿಯೂ ಚೆನ್ನಾಗಿದೆ. ಮದ್ದು ತಿಂದ ನಿನ್ನ ಹೆಂಡತಿ ಇಳಿಯುತ್ತಿದ್ದಾಳೆ. ಮೈಸೂರಿಗೆ ಹಾಗೇ ಬರೆಯುತ್ತೇನೆ. ಉಳಿದದ್ದನ್ನು ಭರಣಿಗೆ ಹಾಕಿ ತಂದುಕೊಡು, ವಾಪಸು ಕಳಿಸಬೇಕು."

"ಅಮ್ಮಾವ್ರೇ, ಇವಳಿಗೆ?"

ಅವರು ಚೀಲ ಎತ್ತಿಕೊಂಡರು. ಮೆಟ್ಟಿಲಿಳಿದು ಹೋದರು. ಅವರು ಸುಳ್ಳು ಸಮಾಧಾನ ಹೇಳುವವರಲ್ಲ ಎಂಬುದು ನನಗೆ ಗೊತ್ತಿತ್ತು, ಅವತ್ತು ಒಂದು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು.

ಭರಣಿ ತೆಗೆದುಕೊಳ್ಳಲು ಹಿಂದಿನ ಜಗಲಿಗೆ ಹೋದವನಿಗೆ ಆ ಇಲಿಗಳನ್ನು ಕಂಡು ಮೈಯೆಲ್ಲ ಉರಿಯಿತು. ನನ್ನ ಹೆಂಡತಿ ಸಾಯುತ್ತಿದ್ದಾಳೆ, ಇವು ಗುಂಡಗೆ ಕೂತು ಮೀಸೆ ತೀಡಿಕೊಳ್ಳುತ್ತಿವೆ. ಎಡಗಡೆ ಸಾಲಿನ ಕೊನೆಯ ಗೂಡಿಗೆ ಒದೆಯಲು ಕಾಲೆತ್ತಿದೆ. ಆಗ ಕಂಡಿತು. ಆ ಇಲಿ ಮುಂಗಾಲುಗಳನ್ನು ನೆಕ್ಕುತ್ತಿತ್ತು, ಮುಂಗಾಲುಗಳು ಕಪ್ಪಾಗಿದ್ದವು. ಬಗ್ಗಿ ನೋಡಿದೆ. ಗೂಡಿನೊಳಗೆ ರಾಗಿಮುದ್ದೆಯ ಒಂದು ಚೂರು, ಅದಕ್ಕೆ ಬಳಿದ ಕಪ್ಪು ಲೇಹ್ಯ. ಮೂಗಿಗೆ ಅದೇ ತಳ ಹತ್ತಿದ ಬಸ್ಸಾರಿನ ವಾಸನೆ ಬಡಿಯಿತು.

"ಯಾರು ಇದಕ್ಕೆ ಮದ್ದು ತಿನ್ನಿಸಿದ್ದು?" ಎಂದು ಅರಚಿದೆ.

ಅವ್ವ ಅಡುಗೆಮನೆಯಿಂದ ಓಡಿ ಬಂದಳು. ಅವಳ ಹಿಂದೆ ನನ್ನ ಹೆಂಡತಿ ಗೋಡೆ ಹಿಡಿದುಕೊಂಡು ಬಂದು ನಿಂತಳು.

"ನಾನೇ ಕಣ್ರೀ."

"ಯಾವ ಮದ್ದು?"

"ನನ್ ಪಾಲಿಂದು. ಅವುಕ್ಕೆ ಅಂತ ಮಡಗಿರೋದ್ನ ಮುಟ್ಟಿಲ್ಲ."

"ಯಾವತ್ತಿಂದ?"

"ಇದು ಏಳ್ನಾರ್ದೆ ಮಲೀಕತಲ್ಲ, ಅವತ್ತಿಂದ. ಆಮೇಲೆ ಪಕ್ಕದ್ದೂ ಮಲೀಕತು, ಅದುಕ್ಕೂ ಕೊಟ್ಟೆ. ಆಮೇಲೆ ಎಲ್ಲಾವೂ ಅಂಗೇ ಆದೊ."

"ನೀನು? ನೀನು ತಿಂದ್ಯಾ?"

ಇಲ್ಲ ಎಂದು ತಲೆಯಾಡಿಸಿದಳು. ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಇಲಿಯ ಮೇಲೆ ಇರುವ ಕರುಳು ಹೊಟ್ಟೆಯಲ್ಲಿರುವ ಮಗುವಿನ ಮೇಲೆ ಇಲ್ಲವಲ್ಲ ಎಂದದ್ದು ಅದರಲ್ಲಿ ಮೆತ್ತಗಿನ ಮಾತು. ಅವಳು ಅಳಲಿಲ್ಲ. ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು, ನಿಧಾನವಾಗಿ ಹೇಳಿದಳು.

"ಕರುಳಿಗಲ್ಲ. ಇಲಿ ಬಿದ್ರೆ ಗುಡ್ಲಿಗೆ ಹೋಗ್ಬೇಕಲ್ಲ. ಕರ್ಪೂರ ಮುಟ್ಟಿದ್ದೀರಿ."

"ಹೋದ್ರೆ ಏನಾಯ್ತದೆ? ನಾಕು ದಿವ್ಸ ಹೊಲದಲ್ಲಿ ಮಲಗಿದ್ರೆ ಸತ್ತೋಗ್ತೀಯಾ?"

"ನಮ್ಮವ್ವ ಸತ್ಲು."

ಅವ್ವ ಅವಳನ್ನು ಜಗಲಿಯ ಅಂಚಿನಲ್ಲಿ ಕೂರಿಸಿದಳು. ಆಗ ಅವಳು ಹೇಳಿದಳು. ರಾವಂದೂರಿನ ಹತ್ತಿರ ಅವರ ಊರಲ್ಲಿ ಇಲಿ ಬಿದ್ದು ಎಲ್ಲರೂ ಹೊಲಕ್ಕೆ ಹೋಗಿದ್ದಾಗ, ಗುಡಿಸಲಿನಲ್ಲಿ ಹುಟ್ಟಿದವಳು ಅವಳು. ಪ್ಲೇಗಿನ ಗುಡಿಸಲಿಗೆ ಸೂಲಗಿತ್ತಿ ಬರಲಿಲ್ಲ. ಅಜ್ಜಿಯೇ ಹೆರಿಗೆ ಮಾಡಿಸಿದಳು. ಇವಳ ತಾಯಿ ಮತ್ತೆ ಏಳಲಿಲ್ಲ. ಊರವರು ಪ್ಲೇಗಿಗೆ ಹೋದಳು ಎಂದರು.

"ಅಜ್ಜಿ ಬೇರೆ ಹೇಳೋಳು. ಜ್ವರ ಇರ್ನಿಲ್ಲ, ಗಡ್ಡೆ ಇರ್ನಿಲ್ಲ. ಬಸ್ರಿ ಆಗಿದ್ದಾಗ್ಲೇ ಸುಣ್ಣದಂಗೆ ಬೆಳ್ಳಗಾಗೋಗಿದ್ಲಂತೆ. ಎಲ್ಲಾರ್ಗೂ ಹೋಗೋ ಅಷ್ಟೇ ರಕ್ತ ಹೋಯ್ತಂತೆ, ಏಳ್ನೇ ಇಲ್ವಂತೆ. ಈ ಸರ್ತಿ ನಾನು ಗುಡ್ಲಿಗೆ ಹೋದ್ರೆ ವಾಪಸ್ ಬರಕಿಲ್ಲ ಅನ್ನುಸ್ತು. ಅದ್ಕೆ ಕೊಟ್ಟೆ."

ಅವ್ವ ನನ್ನ ಕಡೆ ನೋಡಿದಳು. "ಕೂಗಾಡಿದ್ದು ಸಾಕು. ಓಗ್ಲಾ, ಡಾಕ್ಟರಮ್ಮನ್ಗೆ ಹೇಳೋಗು," ಎಂದಳು.

ಆಸ್ಪತ್ರೆಯವರೆಗೂ ಓಡಿದೆ. ಡಾಕ್ಟರಮ್ಮ ಮೈಸೂರಿಗೆ ಬರೆದ ಕಾಗದವನ್ನು ಲಕೋಟೆಗೆ ಹಾಕುತ್ತಿದ್ದರು. ಎಲ್ಲವನ್ನೂ ಹೇಳಿದೆ. ನನ್ನ ಮನೆಯವಳು ನಿಮ್ಮ ಕೆಲಸ ಕೆಡಿಸಿದಳು, ಏನು ಬೇಕಾದರೂ ಬೈಯಿರಿ ಎಂದೆ. ಅವರು ಬೈಯಲಿಲ್ಲ. ಲಕೋಟೆಯನ್ನು ಹರಿದು, ಚೀಲದಿಂದ ಬ್ಲಾಟಿಂಗ್ ಕಾಗದದ ಚೂರುಗಳನ್ನು ತೆಗೆದು ಮೇಜಿನ ಮೇಲೆ ಹರಡಿದರು. ಇಲಿಗಳ ಕೆಂಪು ಕಲೆಗಳು ಒಂದು ಕಡೆ, ನನ್ನ ಹೆಂಡತಿಯ ಬಿಳಿಚಿದ ಕಲೆ ಇನ್ನೊಂದು ಕಡೆ.

"ಎರಡು ಸಾಲಿನ ಇಲಿಗಳೂ ಮದ್ದು ತಿಂದಿವೆ, ಎರಡೂ ಚೆನ್ನಾಗಿವೆ. ಮದ್ದು ಸಿಗದ ಸಾಲಿನಲ್ಲಿ ಕೂತವಳು ನಿನ್ನ ಹೆಂಡತಿ ಒಬ್ಬಳೇ ಕಣಪ್ಪ," ಎಂದರು.

 ನನಗೆ ಸಂಕಟದ ಜೊತೆಗೆ ಒಂದು ಆಸೆಯೂ ಹುಟ್ಟಿತು. ಹಾಗಾದರೆ ಮದ್ದಿಗೆ ಗುಣವಿದೆ.

ಆದರೆ ಡಾಕ್ಟರಮ್ಮ ಮುಂದೆ ಹೇಳಿದ್ದು ನನ್ನನ್ನು ಅಡಕತ್ತರಿಗೆ ಸಿಕ್ಕಿಸಿತು. ಭರಣಿಯಲ್ಲಿ ಉಳಿದದ್ದು ಹೆರಿಗೆಯವರೆಗೆ ಸಾಲುವುದಿಲ್ಲ. ದೊಡ್ಡ ಡಾಕ್ಟರು ಇನ್ನೊಂದು ಭರಣಿ ಕಳಿಸಬೇಕಾದರೆ ಇಲಿಗಳಲ್ಲಿ ವ್ಯತ್ಯಾಸ ತೋರಿಸಲೇಬೇಕು, ಮನುಷ್ಯರ ಕಥೆ ಅವರು ಕೇಳುವುದಿಲ್ಲ. ಅಂದರೆ ಇವತ್ತಿನಿಂದ ಎಡಗಡೆ ಸಾಲಿಗೆ ಒಂದು ತೊಟ್ಟೂ ಮದ್ದು ಹೋಗಬಾರದು. ಅವು ಬಿಳಿಚಬೇಕು. ಕೆಲವು ಬೀಳಬಹುದು. ಬಿದ್ದರೆ ನಾವು ಗುಡಿಸಲಿಗೆ ಹೋಗಬೇಕು. ಇಲಿ ಬಿಳಿಚದಿದ್ದರೆ ಹೆಂಡತಿಗೆ ಮದ್ದಿಲ್ಲ, ಇಲಿ ಬಿದ್ದರೆ ಹೆಂಡತಿಗೆ ಮನೆಯಿಲ್ಲ.

ಅವತ್ತಿನಿಂದ ಹಿಂಬಾಗಿಲಿಗೆ ಚಿಲಕ ಹಾಕಿದೆ. ಬೆಳಗ್ಗೆ ಆಸ್ಪತ್ರೆಗೆ ಹೋಗುವ ಮೊದಲು ನಾನೇ ಬಡಿಸುತ್ತಿದ್ದೆ. ಹೆಂಡತಿ ಲೇಹ್ಯ ಕದಡಿದ ಸಾರು ಉಣ್ಣುವಾಗ ಎದುರಿಗೆ ಕೂತು ತಟ್ಟೆ ಬರಿದಾಗುವವರೆಗೆ ಕಣ್ಣು ತೆಗೆಯುತ್ತಿರಲಿಲ್ಲ. ಅವಳೂ ಹಟ ಮಾಡಲಿಲ್ಲ. ಪ್ರತಿ ತುತ್ತಿಗೂ ಒಮ್ಮೆ ಹಿಂಬಾಗಿಲ ಕಡೆ ನೋಡುತ್ತಿದ್ದಳು.

"ಎಡ್ಗಡೇವು ಎಂಗವೆ?"

"ತಿಂತವೆ. ನೀನುಣ್ಣು."

ಅವು ತಿನ್ನುತ್ತಿರಲಿಲ್ಲ. ದಿನವೂ ಬೆಳಗ್ಗೆ ಚಿಲಕ ತೆಗೆದು ಮೊದಲು ಕೊನೆಯ ಗೂಡು ನೋಡುತ್ತಿದ್ದೆ. ಪಕ್ಕೆ ಆಡುತ್ತಿದ್ದರೆ ಉಸಿರು ಬಿಡುತ್ತಿದ್ದೆ. ಅದೇ ಇಲಿಯ ಕಿವಿ ನಿನ್ನೆಗಿಂತ ಬಿಳಿಚಿದೆಯೇ ಎಂದು ನೋಡಿ, ಬಿಳಿಚಿದ್ದರೆ ಒಳಗೊಳಗೇ ಹಿಗ್ಗುತ್ತಿದ್ದೆ. ಬದುಕಿರಲಿ, ಆದರೆ ಚೆನ್ನಾಗಿರುವುದು ಬೇಡ ಎಂದು ಯಾವ ದೇವರಿಗೆ ಹರಕೆ ಹೊರುವುದು. ಬೀದಿಯ ಯಜಮಾನರು ನಾನು ಆಸ್ಪತ್ರೆಗೆ ಹೋಗುವಾಗಲೆಲ್ಲ ಜಗಲಿಯಿಂದ ಏನು ಸಮಾಚಾರ ಎಂದು ಕೇಳುತ್ತಿದ್ದರು. ಎಲ್ಲ ಚೆನ್ನಾಗದೆ ಎನ್ನುತ್ತಿದ್ದೆ. ಅವರು ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡುತ್ತಿದ್ದರು.

ಎಡಗಡೆ ಸಾಲಿನ ಹನಿ ಕಾಗದದ ಮೇಲೆ ಬರಬರುತ್ತಾ ತೆಳುವಾಯಿತು. ನನ್ನ ಹೆಂಡತಿಯ ಹನಿ ಮೊದಲು ನಿಂತಲ್ಲೇ ನಿಂತಿತು, ಆಮೇಲೆ ಒಂದು ಪಟ್ಟಿ ಏರಿತು. ಡಾಕ್ಟರಮ್ಮ ಆ ಕಲೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, ನನ್ನ ಕಡೆ ತಿರುಗಿಸಿದರು.  ಅವರು ಮೈಸೂರಿಗೆ ಬರೆದರು. ಹೊಸ ಭರಣಿಗಳು ಬಂದವು. ಮೊದಲನೆಯದನ್ನು ಗಾಡಿಯಿಂದ ಇಳಿಸಿಕೊಂಡು ಎದೆಗವಚಿ ಮನೆಗೆ ತಂದದ್ದು ನಾನೇ. ಇನ್ನು ಎಡಗಡೆಯವಕ್ಕೂ ಕೊಡಬಹುದು, ಇನ್ನು ಯಾವುದೂ ಬೀಳಬೇಕಾಗಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಅವತ್ತೇ ಎಲ್ಲ ಗೂಡುಗಳಿಗೂ ಬಳಿದು ಕೊಟ್ಟೆ.

ಕೊನೆಯ ಗೂಡಿನ ಇಲಿಗೆ ಹೊತ್ತು ಮೀರಿತ್ತು. ಮರುದಿನ ಬೆಳಗ್ಗೆ ಜಗಲಿ ಗುಡಿಸಲು ಹೋದ ಅವ್ವ ಪೊರಕೆ ಹಿಡಿದುಕೊಂಡು ಹಾಗೇ ನಿಂತಿದ್ದಳು. ನಾನು ಹೋಗಿ ನೋಡಿದೆ. ಅದು ಮಗ್ಗುಲಾಗಿ ಬಿದ್ದಿತ್ತು, ಹಿಂದಿನ ದಿನದ ಲೇಹ್ಯ ಮುಂದೆ ಹಾಗೇ ಇತ್ತು.

ನಮ್ಮ ಹಿತ್ತಲಲ್ಲಿ ತಿಪ್ಪೆಗುಂಡಿ ಇತ್ತು. ಒಂದು ಗುದ್ದಲಿ ಮಣ್ಣು ಎಳೆದರೆ ಮುಗಿಯುತ್ತಿತ್ತು, ಜಗತ್ತಿನಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಗುಂಡಿಯ ಕಡೆ ನೋಡಿದ್ದನ್ನು ಅವ್ವ ನೋಡಿದಳು. ನಮ್ಮಿಬ್ಬರ ಹಿಂದೆ ಹೆಂಡತಿ ಬಂದು ನಿಂತದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

"ಹೋಗಿ ಹೇಳ್ಬುಡಿ," ಎಂದಳು.

"ನೀನು ಒಳಗೋಗು."

"ಹೇಳ್ದೆ ಇದ್ದು ನಾಳೀಕೆ ಬೀದೀಲಿ ಯಾವ್ದಾರ ಮಗೀಗೆ ಜ್ವರ ಬಂದ್ರೆ, ಆ ಮಾತು ನನ್ ಮಗಿನ್ ಮೇಲ್ ಬತ್ತದೆ. ಗುಡ್ಲು ಹಾಕಿ. ನಡೀ ಅಂದ್ರೆ ನಡೀತೀನಿ."

ಅವಳ ಮಂಚದ ಕೆಳಗೆ ಒಂದು ಗಂಟು ಇತ್ತು. ಹಳೆ ಸೀರೆ, ಕೊಬ್ಬರಿ ಎಣ್ಣೆ, ಓಮ, ದಾರ, ಎಲ್ಲವನ್ನೂ ಕಟ್ಟಿಟ್ಟಿದ್ದಳು. ನಾನು ಕರ್ಪೂರ ಮುಟ್ಟಿದ ದಿನವೇ ಕಟ್ಟಿದ್ದಂತೆ.

ನಾನು ಹೋಗಿ ಯಜಮಾನರಿಗೆ ಹೇಳಿದೆ. ಡಾಕ್ಟರಮ್ಮ ಬೀದಿಗೆ ಬಂದು ಅವರ ಜೊತೆ ವಾದ ಮಾಡಿದರು. ಇದು ಊಟದಲ್ಲಿ ಸತ್ವವಿಲ್ಲದೆ ಸತ್ತ ಇಲಿ, ಪ್ಲೇಗಿನದಲ್ಲ ಎಂದರು. ಯಜಮಾನರು ಕೈ ಮುಗಿದು ಕೇಳಿಸಿಕೊಂಡರು.

"ನೀವು ಓದಿದ್ದೀರಿ ತಾಯಿ, ನಾವು ಕಂಡಿದ್ದೀವಿ. ನಮ್ ಕಣ್ಣೆದ್ರುಗೆ ಇಲಿ ಬಿದ್ದದ್ದು ಕಂಡೂ ಮಲ್ಗಿದ್ದೋರ ಮನೇಲಿ ದೀಪ ಹಚ್ಚೋರು ಉಳೀನಿಲ್ಲ."

ಅವರ ಮೇಲೆ ನನಗೆ ಆಗ ಎಷ್ಟು ಸಿಟ್ಟು ಬಂದಿತ್ತೋ, ಈಗ ಅಷ್ಟೇ ಅವರ ಭಯ ಅರ್ಥವಾಗುತ್ತದೆ. ಕೊನೆಗೆ ಆಸ್ಪತ್ರೆಯಲ್ಲೇ ಒಂದು ಮಂಚ ಕೊಡುತ್ತೇನೆ ಎಂದು ಡಾಕ್ಟರಮ್ಮ ಹೇಳಿದರು. ಇಲಿ ಬಿದ್ದ ಮನೆಯವಳು ಬರುತ್ತಾಳೆ ಎಂದು ತಿಳಿದ ಕೂಡಲೇ ಒಳಗಿದ್ದ ಬಾಣಂತಿಯರ ಕಡೆಯವರು ಗಂಟುಮೂಟೆ ಕಟ್ಟತೊಡಗಿದರು. ಹಸಿ ಬಾಣಂತಿಯರು ಗಾಡಿ ಹತ್ತುವುದನ್ನು ನೋಡಿ, ಬೇಡಮ್ಮಾವ್ರೇ, ನಾವೇ ಹೊಲಕ್ಕೆ ಹೋಗುತ್ತೇವೆ ಎಂದೆ.

ಊರಾಚೆ ಹೊಂಗೆ ಮರದ ಕೆಳಗೆ ಗುಡಿಸಲು ಹಾಕಿದೆ. ಬಿದಿರು ನೆಟ್ಟು, ಸೋಗೆ ಹೊದಿಸಿದ್ದು ನಾನು, ನೆಲಕ್ಕೆ ಸಗಣಿ ಸಾರಿಸಿದ್ದು ಅವ್ವ. ಹೆಂಡತಿ ಬಾಗಿಲಲ್ಲಿ ಬಗ್ಗಿ ಒಳಗೆ ಕಾಲಿಡುವಾಗ ಒಂದು ಗಳಿಗೆ ನಿಂತಳು. ನಾನು ಅವಳ ರಟ್ಟೆ ಹಿಡಿದಿದ್ದೆ. ಆಮೇಲೆ ಒಳಗೆ ಹೋಗಿ ಭರಣಿಯನ್ನು ತಲೆದೆಸೆಯಲ್ಲಿಟ್ಟುಕೊಂಡಳು. ಅಲ್ಲಿರುವಷ್ಟು ದಿನವೂ ಯಾರೂ ಹೇಳದೆ ತಾನೇ ತೆಗೆದುಕೊಂಡು ತಿಂದಳು.

ನೋವು ಬಂದದ್ದು ಒಂದು ಬೆಳಗಿನ ಹೊತ್ತು. ಸೂಲಗಿತ್ತಿಯ ಮನೆಗೆ ಹೋದೆ, ಬಾಗಿಲು ತೆರೆಯದೆ ಒಳಗಿನಿಂದಲೇ ಮೈ ಸರಿಯಿಲ್ಲ ಎಂದಳು. ರಾವಂದೂರಿನ ಅಜ್ಜಿಯ ಕಥೆ ಕಣ್ಣ ಮುಂದೆ ಬಂತು. ಆಸ್ಪತ್ರೆಗೆ ಹೋಗಿ ಹೇಳುವಷ್ಟರಲ್ಲಿ ಡಾಕ್ಟರಮ್ಮ ಚೀಲ ಹಿಡಿದು ಹೊರಟೇಬಿಟ್ಟಿದ್ದರು, ಹೊಲದ ಬದುವಿನ ಮೇಲೆ ನನಗಿಂತ ಮುಂದೆ ನಡೆದರು.

ನಾನು ಹೊರಗೆ ಕೂತೆ. ಬಿಸಿಲು ಏರಿತು. ಒಳಗಿನಿಂದ ಹೆಂಡತಿಯ ನರಳಾಟ, ಅವ್ವನ ಸಮಾಧಾನ, ಡಾಕ್ಟರಮ್ಮನ ತುಂಡು ಮಾತು. ಆಮೇಲೆ ಮಗುವಿನ ಅಳು ಕೇಳಿಸಿತು. ಅವ್ವ ಹೊರಗೆ ಬಂದು ಹೆಣ್ಣು ಎಂದಳು.

"ಅವಳು?"

ಅವ್ವ ನೆನೆದು ಕೆಂಪಾದ ಬಟ್ಟೆಗಳನ್ನು ಮರದ ಬುಡದಲ್ಲಿ ಹಾಕಿ, ಇನ್ನಷ್ಟು ಹಳೆ ಸೀರೆ ತೆಗೆದುಕೊಂಡು ಒಳಗೆ ಹೋದಳು. ನಾನು ಆಸ್ಪತ್ರೆಯವನು. ಆ ಬಟ್ಟೆಗಳನ್ನು ನೋಡಿದರೆ ಎಷ್ಟು ಹೋಗಿದೆ ಎಂದು ನನಗೆ ತಿಳಿಯುತ್ತದೆ. ಎಲ್ಲರಿಗೂ ಹೋಗುವಷ್ಟೇ ಹೋಗಿತ್ತು. ಅಷ್ಟಕ್ಕೇ ಏಳದವರನ್ನು ನಾನು ಗಾಡಿಗೆ ಹತ್ತಿಸಿದ್ದೆ. ಒಳಗೆ ಮಾತು ನಿಂತುಹೋಗಿತ್ತು. ಹೊಂಗೆಯ ಬೇರನ್ನು ಹಿಡಿದು ಕೂತೆ.

"ಒಳಗೆ ಬಾರಪ್ಪ," ಎಂದರು ಡಾಕ್ಟರಮ್ಮ.

ಅವಳು ಕಣ್ಣು ತೆರೆದಿದ್ದಳು. ಮಗು ಪಕ್ಕದಲ್ಲಿತ್ತು. ಡಾಕ್ಟರಮ್ಮ ಬ್ಲಾಟಿಂಗ್ ಕಾಗದ ತೆಗೆದಾಗ ಅವಳೇ ಬೆರಳು ಚಾಚಿದಳು. ಹನಿಯನ್ನು ಕಾಗದ ಹೀರಿತು. ಸೋಗೆಯ ಸಂದಿನಿಂದ ಬೀಳುತ್ತಿದ್ದ ಬಿಸಿಲಿಗೆ ಡಾಕ್ಟರಮ್ಮ ಅದನ್ನು ಹಿಡಿದರು. ದಟ್ಟವಾಗಿರಲಿಲ್ಲ, ಆದರೆ ಯಾರು ನೋಡಿದರೂ ಕೆಂಪು ಎನ್ನುವ ಹಾಗಿತ್ತು.

"ನಮ್ಮವ್ವನ ಗುಡ್ಲಿಂದ ನಾನೊಬ್ಳೇ ಆಚೆ ಬಂದಿದ್ದು," ಎಂದಳು ಹೆಂಡತಿ. "ಇಲ್ಲಿಂದ ಇಬ್ರೂ ಹೋಗ್ತೀವಾ?"



"ಹೋಗ್ತೀರಮ್ಮ," ಎಂದರು ಡಾಕ್ಟರಮ್ಮ.

ಬೀದಿಯಲ್ಲಿ ಯಾರಿಗೂ ಜ್ವರ ಬರಲಿಲ್ಲ. ಯಜಮಾನರೇ ಹೊಲಕ್ಕೆ ಬಂದು, ಮಗುವನ್ನು ದೂರದಿಂದ ನೋಡಿ, ಇನ್ನು ಮನೆಗೆ ಬನ್ನಿ ಎಂದರು. ಕಪ್ಪು ಲೇಹ್ಯದ ಭರಣಿಗಳು ಪಿರಿಯಾಪಟ್ಟಣಕ್ಕೂ ಹೆಗ್ಗಡದೇವನಕೋಟೆಗೂ ಹೋಗತೊಡಗಿದ್ದವು, ಗಾಡಿಯಿಂದ ಇಳಿಸಿದ ಬಸುರಿಯರನ್ನು ನಾನು ವಾಪಸು ಹತ್ತಿಸುವುದು ಕಡಿಮೆಯಾಗುತ್ತಾ ಬಂತು.

ಮನೆಗೆ ಬಂದ ದಿನ ಅವಳು ಮಗುವನ್ನು ಅವ್ವನ ಮಡಿಲಿಗೆ ಕೊಟ್ಟು ನೇರವಾಗಿ ಹಿಂದಿನ ಜಗಲಿಗೆ ಹೋದಳು. ಉಳಿದ ಇಲಿಗಳಿಗೆಲ್ಲ ಅನ್ನ ಹಾಕಿದಳು, ಎರಡು ಸಾಲಿಗೂ ಒಂದೇ ಸಮನಾಗಿ ಮದ್ದು ಬಳಿದಳು. ಕೊನೆಯ ಗೂಡು ಖಾಲಿ ಇತ್ತು. ಅದನ್ನು ತೊಳೆದು ಒರೆಸಿ, ಮುಂದೆ ಒಂದು ಮುತ್ತುಗದ ಎಲೆ ಹಾಕಿದಳು. ಎಲೆಯ ಮೇಲೆ ಒಂದು ತುತ್ತು ಅನ್ನ, ಅನ್ನದ ಮೇಲೆ ಬೆರಳ ತುದಿಯಷ್ಟು ಕಪ್ಪು ಲೇಹ್ಯ ಇಟ್ಟು, ಸತ್ತವರಿಗೆ ಎಡೆ ಇಡುವಾಗ ಮಾಡುವಂತೆ ಸೆರಗು ಹೊದ್ದು ಕೈ ಮುಗಿದಳು.

ಇಲಿಗಾ ಎಂದು ಕೇಳಿದೆ.

"ಇಲಿಗೂ ಇರ್ಲಿ," ಎಂದಳು. "ನಮ್ಮವ್ವನ್ಗೆ ಇದು ಸಿಕ್ನಿಲ್ವಲ್ಲ."